ಮುಹೂರ್ತದ ಕ್ಲಿಪ್ ಯಾಕೆ ತಡವರಿಸುತ್ತದೆ?

ಲಕ್ಷ ರೂಪಾಯಿ ದಾಟಿದ ಯಂತ್ರ. ಗಾಜಿನ ಕ್ಯಾಬಿನೆಟ್ಟಿನೊಳಗೆ ಬಣ್ಣಬಣ್ಣದ ದೀಪದ ಫ್ಯಾನುಗಳು. ಹೊಸ ಗೇಮ್ ಹಾಕಿದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಫ್ರೇಮ್ ಸರಾಗವಾಗಿ ಓಡುತ್ತದೆ. ಅದೇ ಯಂತ್ರದಲ್ಲಿ ನಿನ್ನೆ ಶೂಟ್ ಮಾಡಿದ ಮುಹೂರ್ತದ ಕ್ಲಿಪ್ ತೆಗೆದು ಟೈಮ್‌ಲೈನಿಗೆ ಹಾಕಿ ಸ್ಪೇಸ್‌ಬಾರ್ ಒತ್ತಿ ನೋಡಿ. ಓಲಗದ ಸದ್ದು ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ, ತಾಳಿ ಹಿಡಿದ ವರನ ಕೈ ನಾಲ್ಕು ಜಿಗಿತದಲ್ಲಿ ವಧುವಿನ ಕೊರಳು ಮುಟ್ಟುತ್ತದೆ. ಸ್ಟುಡಿಯೋದವರು ಮೊದಲು ಬೈಯುವುದು ಸಾಫ್ಟ್‌ವೇರನ್ನು, ಆಮೇಲೆ ವಿಂಡೋಸನ್ನು. ಕೊನೆಗೆ ‘ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಿತ್ತು’ ಅಂದುಕೊಳ್ಳುತ್ತಾರೆ. ಮೂರರಲ್ಲೂ ತಪ್ಪು ಇಲ್ಲದಿರಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಜಿಲ್ಲಾ ಕೇಂದ್ರದ ಕಂಪ್ಯೂಟರ್ ಅಂಗಡಿಯಲ್ಲಾಗಲಿ ‘ಎಡಿಟಿಂಗ್ ಸಿಸ್ಟಂ ಬೇಕು’ ಎಂದರೆ ಸಿಗುವ ಕೊಟೇಶನ್ ಬಹುಮಟ್ಟಿಗೆ ಗೇಮಿಂಗ್ ಪಿಸಿಯದ್ದೇ. ಅಂಗಡಿಯವನಿಗೆ ಗೊತ್ತಿರುವ ಅತಿ ದುಬಾರಿ ಗ್ರಾಹಕ ಗೇಮ್ ಆಡುವವನು. ಅವನಿಗೆ ಹೊಂದಿದ್ದು ಎಲ್ಲರಿಗೂ ಹೊಂದುತ್ತದೆ ಎಂಬ ಲೆಕ್ಕ. ನನ್ನ ಮಟ್ಟಿಗೆ ಎಡಿಟಿಂಗ್ ಕಂಪ್ಯೂಟರಿನ ಆಯ್ಕೆ ಶುರುವಾಗಬೇಕಾದದ್ದು ಕ್ಯಾಮೆರಾ ಬರೆದಿಡುವ ಫೈಲಿನಿಂದ. ಅಂಗಡಿಯ ಮಾತು ಅದರ ನಂತರ.

ಫೈಲನ್ನೇ ಹಿಡಿದು ಲೆಕ್ಕ ಹಾಕೋಣ. 4ಕೆ ಚಿತ್ರದ ಒಂದು ಫ್ರೇಮ್ ಎಂದರೆ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್. ಸೆಕೆಂಡಿಗೆ 50 ಫ್ರೇಮ್ ಎಂದರೆ 41 ಕೋಟಿ ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಇಟ್ಟರೆ ಸೆಕೆಂಡಿಗೆ 1.24 ಗಿಗಾಬೈಟ್ ಬೇಕು. ಆದರೆ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಇದನ್ನು ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಮೆಗಾಬೈಟಿನಲ್ಲಿ ಬರೆದು ಮುಗಿಸುತ್ತವೆ. ಇದ್ದದ್ದರ ನೂರನೇ ಒಂದು ಪಾಲು! ಗಂಟೆಗೆ 45 ಗಿಗಾಬೈಟ್. ಈ 12.5 ಮೆಗಾಬೈಟನ್ನು ಓದಿಕೊಡಲು ಹತ್ತು ವರ್ಷ ಹಳೆಯ ಹಾರ್ಡ್ ಡಿಸ್ಕಿಗೂ ಕಷ್ಟವಿಲ್ಲ, ಅದು ಸೆಕೆಂಡಿಗೆ ನೂರೈವತ್ತು ಮೆಗಾಬೈಟ್ ಕೊಡಬಲ್ಲದು. ಹಾಗಾಗಿ ‘ಡಿಸ್ಕ್ ಸ್ಲೋ ಸಾರ್, ಜೆನ್ ಫೈವ್ ಎಸ್‌ಎಸ್‌ಡಿ ಹಾಕ್ಸಿ’ ಎಂಬ ಸಲಹೆಯಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ತೊಡಕಿರುವುದು ಓದುವುದರಲ್ಲಿ ಅಲ್ಲವೇ ಅಲ್ಲ, ಬಿಚ್ಚುವುದರಲ್ಲಿ.

2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265 ಅಥವಾ ಎಚ್‌ಇವಿಸಿ, ಎರಡೂ ನಂಬಿರುವುದು ಒಂದೇ ಉಪಾಯವನ್ನು. ಸಾಲಿನ ಮೊದಲ ಫ್ರೇಮನ್ನು ಮಾತ್ರ ಪೂರ್ತಿಯಾಗಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಗುರುತು ಹಾಕಿಕೊಳ್ಳುತ್ತಾ ಹೋಗುವುದು. ಹಳೆಯ ಕಿರಾಣಿ ಅಂಗಡಿಯ ಕಿರ್ದಿ ಪುಸ್ತಕದಂತೆ: ತಿಂಗಳ ಮೊದಲ ದಿನ ಮಾತ್ರ ಪೂರ್ತಿ ಬಾಕಿ ಬರೆದಿದೆ, ಆಮೇಲೆ ಬರೀ ಬಂದದ್ದು, ಹೋದದ್ದು. ಹದಿನೇಳನೇ ತಾರೀಖಿನ ಬಾಕಿ ಎಷ್ಟು ಎಂದು ಕೇಳಿದರೆ ಒಂದರಿಂದ ಕೂಡಿಸುತ್ತಾ ಬರಬೇಕು. ಸಿನಿಮಾ ನೋಡುವವನು ಮೊದಲಿನಿಂದ ಕೊನೆಗೆ ಒಂದೇ ದಿಕ್ಕಿನಲ್ಲಿ ಹೋಗುತ್ತಾನೆ, ಅವನಿಗೆ ಇದು ತಿಳಿಯುವುದೇ ಇಲ್ಲ. ಎಡಿಟರ್ ಮಾತ್ರ ಹಿಂದಕ್ಕೆ, ಮುಂದಕ್ಕೆ, ಅಡ್ಡಕ್ಕೆ ಎಳೆಯುತ್ತಾನೆ. ಮೂರು ಕ್ಯಾಮೆರಾದ ಕ್ಲಿಪ್ ಒಟ್ಟಿಗೆ ಓಡಿಸುತ್ತಾನೆ. ಅವನ ಬೆರಳು ನಿಂತಲ್ಲೆಲ್ಲ ಯಂತ್ರ ಕಿರ್ದಿಯ ಮೊದಲ ಪುಟಕ್ಕೆ ಓಡಿ ಬರಬೇಕು.

ಈ ಕೆಲಸವನ್ನು ಪ್ರೊಸೆಸರ್ ತನ್ನ ಕೈಯಾರೆ ಮಾಡಿದರೆ ಬೆವರು ಕಿತ್ತುಬರುತ್ತದೆ. ಅದಕ್ಕೆಂದೇ ಚಿಪ್ಪಿನೊಳಗೆ ಒಂದು ಮೂಲೆಯಲ್ಲಿ ವಿಡಿಯೋ ಬಿಚ್ಚುವ ಸಣ್ಣ ಸರ್ಕ್ಯೂಟ್ ಇಡುತ್ತಾರೆ. ಇಂಟೆಲ್ 2011ರಿಂದ ಇದನ್ನು ಕ್ವಿಕ್ ಸಿಂಕ್ ಎಂದು ಕರೆಯುತ್ತಾ ಬಂದಿದೆ, ಅದು ಪ್ರೊಸೆಸರಿನ ಜೊತೆ ಬರುವ ಗ್ರಾಫಿಕ್ಸಿನಲ್ಲಿ ಇರುತ್ತದೆ. ಎನ್ವಿಡಿಯಾ ಕಾರ್ಡಿನಲ್ಲೂ ಅಂಥದ್ದೇ ಇದೆ. ಗೇಮ್ ಓಡಿಸುವ ಸಾವಿರಾರು ಕೋರ್‌ಗಳಿಗೂ ಈ ಸರ್ಕ್ಯೂಟಿಗೂ ಸಂಬಂಧವಿಲ್ಲ. ಕಾರ್ಡಿನ ಬೆಲೆ ಎರಡು ಪಟ್ಟಾದರೂ ಈ ಮೂಲೆ ಹೊಸದಾಗಿ ಏನನ್ನೂ ಕಲಿತಿರಬೇಕೆಂದಿಲ್ಲ.

ಗಂಟು ಬಿಗಿಯಾಗುವುದು ಇಲ್ಲಿ. ಹಳೆಯ ಕ್ಯಾಮೆರಾಗಳು ಬರೆಯುತ್ತಿದ್ದುದು 8 ಬಿಟ್, 4:2:0. ಕಣ್ಣಿಗೆ ಬೆಳಕಿನ ವ್ಯತ್ಯಾಸ ಕಂಡಷ್ಟು ಬಣ್ಣದ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣದ ಮಾಹಿತಿ ಇಟ್ಟು ಉಳಿತಾಯ ಮಾಡುವ ಕ್ರಮ ಅದು. ಈಗಿನ ಮಧ್ಯಮ ದರ್ಜೆಯ ಮಿರರ್‌ಲೆಸ್‌ಗಳು 10 ಬಿಟ್, 4:2:2 ಕೊಡುತ್ತವೆ. ಒಂದು ಬಣ್ಣಕ್ಕೆ 256ರ ಬದಲು 1024 ಮೆಟ್ಟಿಲು, ಎರಡು ಪಿಕ್ಸೆಲ್ಲಿಗೊಂದು ಬಣ್ಣದ ಮಾಹಿತಿ. ಗ್ರೇಡಿಂಗ್ ಮಾಡುವವನಿಗೆ ಹಬ್ಬ. ಆದರೆ ಎನ್ವಿಡಿಯಾ ಕಾರ್ಡುಗಳು 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯವರೆಗೂ 4:2:2 ಬಿಚ್ಚಲು ಕಲಿತಿರಲಿಲ್ಲ. 40 ಸರಣಿಯ ಅತಿ ದುಬಾರಿ ಕಾರ್ಡಿನ ಮುಂದೆ ಈ ಫೈಲ್ ಇಟ್ಟರೂ ಅದು ಕೈಚೆಲ್ಲಿ ಪ್ರೊಸೆಸರಿಗೆ ದಾಟಿಸುತ್ತದೆ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳು ಮಾತ್ರ 11ನೇ ತಲೆಮಾರಿನಿಂದಲೇ ಎಚ್‌ಇವಿಸಿಯ 10 ಬಿಟ್ 4:2:2ವನ್ನು ಆರಾಮವಾಗಿ ಬಿಚ್ಚುತ್ತಿವೆ. ಅಂದರೆ ಪ್ರೊಸೆಸರ್ ಜೊತೆ ಪುಕ್ಕಟೆಯಾಗಿ ಬಂದ ಗ್ರಾಫಿಕ್ಸ್, ಲಕ್ಷದ ಕಾರ್ಡಿಗೆ ಆಗದ ಕೆಲಸ ಮಾಡುತ್ತದೆ.

ಅಂಗಡಿಯವನ ಕೊಟೇಶನ್ನಿನಲ್ಲಿ ಒಂದೇ ಒಂದು ಅಕ್ಷರ ಇದನ್ನು ಕೆಡಿಸಬಲ್ಲದು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ (14400ಎಫ್, 14700ಕೆಎಫ್ ಇತ್ಯಾದಿ) ಅದರಲ್ಲಿ ಒಳ ಗ್ರಾಫಿಕ್ಸ್ ಇರುವುದಿಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಬೆಲೆ ಒಂದಿಷ್ಟು ಕಡಿಮೆ. ‘ಕಾರ್ಡ್ ಹಾಕ್ತೀರಲ್ಲ ಸಾರ್, ಅದ್ಯಾಕೆ ಬೇಕು’ ಎಂಬುದು ಅಂಗಡಿಯ ತರ್ಕ. ಗೇಮ್ ಆಡುವವನಿಗೆ ಅದು ಸರಿಯಾದ ತರ್ಕವೇ. ಮದುವೆ ಎಡಿಟ್ ಮಾಡುವವನು ಅಲ್ಲಿ ಉಳಿಸಿದ ದುಡ್ಡನ್ನು ರಾತ್ರಿ ನಿದ್ದೆಗೆಟ್ಟು ತೀರಿಸುತ್ತಾನೆ. ಎಎಂಡಿಯ ರೈಜನ್ ಬಯಸುವವರಿಗೂ ಇದೇ ಎಚ್ಚರ: ಪ್ರೊಸೆಸರ್ ಬಲವಾದದ್ದು, ವಿದ್ಯುತ್ ಕಡಿಮೆ ಬೇಡುತ್ತದೆ, ಆದರೆ ಅದರ ಒಳ ಗ್ರಾಫಿಕ್ಸಿಗೆ 4:2:2 ಬರುವುದಿಲ್ಲ, ಅದರ ಜೊತೆ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಇದ್ದರೆ ಚಿಂತೆಯಿಲ್ಲ. ರೈಜನ್ನಿನಲ್ಲೇ ‘ಎಕ್ಸ್3ಡಿ’ ಎಂಬ ಬಾಲವಿರುವ ಮಾದರಿಗಳಿವೆ. ಹೆಚ್ಚುವರಿ ಕ್ಯಾಶ್ ಹೊತ್ತ ಅವು ಗೇಮಿಗೆ ರಾಜ. ಎಡಿಟಿಂಗಿನಲ್ಲಿ ಆ ಹೆಚ್ಚುವರಿ ಬೆಲೆಗೆ ತಕ್ಕ ಪ್ರತಿಫಲ ಕಾಣದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಮಾದರಿಗಳು ಹೆಚ್ಚಿನ ವೋಲ್ಟೇಜಿನಿಂದ ಹಾಳಾಗುತ್ತಿದ್ದ ಸಂಗತಿ 2024ರಲ್ಲಿ ಬಯಲಾಗಿ, ಕಂಪನಿ ಮೈಕ್ರೋಕೋಡ್ ತಿದ್ದುಪಡಿಯನ್ನೂ ಎರಡು ವರ್ಷದ ಹೆಚ್ಚುವರಿ ವಾರಂಟಿಯನ್ನೂ ಕೊಟ್ಟಿತು. ಅವನ್ನು ಕೊಳ್ಳುವವರು ಅಂಗಡಿಯಲ್ಲೇ ಬಯೋಸ್ ಅಪ್‌ಡೇಟ್ ಮಾಡಿಸಿಕೊಂಡು ಹೊರಡಬೇಕು.

ನಿಮ್ಮ ಫೈಲ್ ಯಾವ ಜಾತಿಯದು ಎಂದು ತಿಳಿಯುವುದು ಸುಲಭ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶವಿದೆ. ಅದರೊಳಗೆ ಕ್ಲಿಪ್ ಹಾಕಿದರೆ ಉದ್ದನೆಯ ಪಟ್ಟಿ ಬರುತ್ತದೆ. ನೋಡಬೇಕಾದ ಸಾಲು ನಾಲ್ಕೇ. ಫಾರ್ಮ್ಯಾಟ್ ಎಂಬಲ್ಲಿ ಎವಿಸಿ (ಎಚ್.264ರ ಇನ್ನೊಂದು ಹೆಸರು) ಇದೆಯೋ ಎಚ್‌ಇವಿಸಿ ಇದೆಯೋ, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎಂಬಲ್ಲಿ 4:2:0 ಇದೆಯೋ 4:2:2 ಇದೆಯೋ, ಬಿಟ್ ಡೆಪ್ತ್ 8 ಇದೆಯೋ 10 ಇದೆಯೋ, ಬಿಟ್ ರೇಟ್ ಎಷ್ಟು. ಎಚ್‌ಇವಿಸಿ, 4:2:2, 10 ಎಂದಿದ್ದರೆ ಮೇಲೆ ಹೇಳಿದ ಇಂಟೆಲ್ ಸಾಕು. ಎವಿಸಿ, 4:2:2, 10 ಎಂದು ಕಂಡರೆ ವಿಷಯ ಬೇರೆ. ಎಷ್ಟೋ ಕ್ಯಾಮೆರಾಗಳಲ್ಲಿ ಈ ಮೋಡ್ ಇದೆ, ಇದನ್ನು ಇಂಟೆಲ್‌ನ 14ನೇ ತಲೆಮಾರಿನ ಕ್ವಿಕ್ ಸಿಂಕ್ ಕೂಡ ಬಿಚ್ಚುವುದಿಲ್ಲ, ಆರ್‌ಟಿಎಕ್ಸ್ 50 ಬಿಚ್ಚುತ್ತದೆ. ಕಾರ್ಡಿಗೆ ದುಡ್ಡಿಲ್ಲದಿದ್ದರೆ ಕ್ಯಾಮೆರಾದ ಮೆನುವಿಗೆ ಹೋಗಿ, ಅಲ್ಲಿ ಎಚ್‌ಇವಿಸಿ ಇದ್ದರೆ ಅದಕ್ಕೆ ಬದಲಾಯಿಸಿಕೊಳ್ಳಬಹುದು, ಖರ್ಚು ಸೊನ್ನೆ. 8 ಬಿಟ್ 4:2:0 ಎಂದಿದ್ದರೆ ಇಷ್ಟೆಲ್ಲ ತಲೆಬಿಸಿಯೇ ಬೇಡ, ಕಳೆದ ಕೆಲವು ವರ್ಷಗಳ ಯಾವ ಯಂತ್ರವೂ ನಡೆಸಿಕೊಡುತ್ತದೆ. ಕೊಳ್ಳುವ ಮೊದಲು ಆ ಕ್ಲಿಪ್ಪನ್ನೇ ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ದು ಓಡಿಸಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಸೀರೆ ಕೊಳ್ಳುವಾಗ ಬಿಸಿಲಿಗೆ ಹಿಡಿದು ನೋಡುವವರು ನಾವು.

ಹೊಸ ಯಂತ್ರ ಕೊಳ್ಳಲಾಗದವರಿಗೆ ಪ್ರಾಕ್ಸಿ ಎಂಬ ದಾರಿಯಿದೆ, ಅದನ್ನು ನಮ್ಮಲ್ಲಿ ಬೇಕಾದಷ್ಟು ಬಳಸುತ್ತಿಲ್ಲ. ರಾತ್ರಿ ಮಲಗುವ ಮುನ್ನ ಎಲ್ಲ ಕ್ಲಿಪ್ಪಿಗೂ ಸಣ್ಣ ಅಳತೆಯ ನಕಲು ಮಾಡಲು ಹಾಕಿದರೆ, ಬೆಳಗ್ಗೆ ಆ ನಕಲಿನ ಮೇಲೆ ಕತ್ತರಿ ಆಡಿಸಬಹುದು; ಕೊನೆಯ ರೆಂಡರಿನಲ್ಲಿ ತಂತ್ರಾಂಶ ತಾನಾಗಿ ಮೂಲಕ್ಕೆ ಮರಳುತ್ತದೆ. ಆಪಲ್ 2007ರಲ್ಲಿ ತಂದ ಪ್ರೋರೆಸ್ ಅಥವಾ ಅವಿಡ್‌ನ ಡಿಎನ್‌ಎಕ್ಸ್‌ಎಚ್‌ಆರ್ ಇದಕ್ಕೆ ಒಳ್ಳೆಯವು, ಏಕೆಂದರೆ ಅವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿರುತ್ತದೆ. ಆದರೆ 4ಕೆ ಅಳತೆಯಲ್ಲೇ ಪ್ರೋರೆಸ್ 422 ಮಾಡಿದರೆ 25 ಫ್ರೇಮಿನ ವೇಗದಲ್ಲೂ ಗಂಟೆಗೆ 220 ಗಿಗಾಬೈಟ್ ನುಂಗುತ್ತದೆ. ಪ್ರಾಕ್ಸಿಯನ್ನು ಕಾಲುಭಾಗದ ಅಳತೆಗೆ ಇಳಿಸುವುದು ಅದಕ್ಕೇ.

ಕ್ಲಿಪ್ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದು ತಂತ್ರಾಂಶದ ಮೇಲೂ ಸ್ವಲ್ಪ ನಿಂತಿದೆ. ನಮ್ಮ ಊರುಗಳಲ್ಲಿ ಎಡಿಟಿಂಗನ್ನು ಈಗಲೂ ‘ಮಿಕ್ಸಿಂಗ್’ ಎನ್ನುವ ಹಿರಿಯರ ನೆಚ್ಚಿನದು ಎಡಿಯಸ್. ಅದು ಮೊದಲಿನಿಂದಲೂ ಇಂಟೆಲ್ ಕ್ವಿಕ್ ಸಿಂಕನ್ನು ಚೆನ್ನಾಗಿ ದುಡಿಸಿಕೊಂಡಿದೆ. ಈಗ ಪ್ರೀಮಿಯರ್ ಪ್ರೋ ಕೂಡ ಅದನ್ನು ಬಳಸಿಕೊಳ್ಳುತ್ತದೆ. ಡವಿಂಚಿ ರಿಸಾಲ್ವ್ ಮಾತ್ರ ಗ್ರಾಫಿಕ್ಸ್ ಕಾರ್ಡಿನ ಹಸಿವಿನದು. ಕಲರ್, ನಾಯ್ಸ್ ರಿಡಕ್ಷನ್ ಎಲ್ಲ ಅಲ್ಲೇ ನಡೆಯುತ್ತದೆ, ಕಾರ್ಡಿನ ಮೆಮೊರಿ 8 ಜಿಬಿ ಇದ್ದರೆ 4ಕೆ ಕೆಲಸದಲ್ಲಿ ಬೇಗ ತುಂಬಿ ‘ಜಿಪಿಯು ಮೆಮೊರಿ ಫುಲ್’ ಎಂದು ನಿಲ್ಲುತ್ತದೆ. ಆರ್‌ಟಿಎಕ್ಸ್ 5060 ಟಿಐ ಎಂಬ ಒಂದೇ ಹೆಸರಿನ ಕಾರ್ಡ್ 8 ಜಿಬಿಯಲ್ಲೂ 16 ಜಿಬಿಯಲ್ಲೂ ಬರುತ್ತದೆ. ಬಿಲ್ಲಿನಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ನೋಡಿ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಹಾರ್ಡ್‌ವೇರ್ ನೆರವು ಮೊಟಕಾಗಿರುವುದರಿಂದ, ಒಮ್ಮೆ 295 ಡಾಲರ್ ಕೊಟ್ಟು ಸ್ಟುಡಿಯೋ ಆವೃತ್ತಿ ಕೊಳ್ಳುವುದು ಕೆಲವರಿಗೆ ಹೊಸ ಕಾರ್ಡಿಗಿಂತ ಅಗ್ಗದ ಪರಿಹಾರ.

ಫೋಟೊಗೆ ಬಂದರೆ ಲೆಕ್ಕವೇ ಬೇರೆ. ಕರಿಜ್ಮಾ ಆಲ್ಬಂನ 12 ಅಡ್ಡ 36 ಇಂಚಿನ ಒಂದು ಹಾಳೆ, ಇಂಚಿಗೆ 300 ಪಿಕ್ಸೆಲ್ಲಿನಂತೆ, 3600 ಅಡ್ಡ 10800. ಸುಮಾರು 3.9 ಕೋಟಿ ಪಿಕ್ಸೆಲ್. ಫೋಟೊಶಾಪಿನಲ್ಲಿ 8 ಬಿಟ್‌ನ ಒಂದು ತುಂಬಿದ ಲೇಯರ್ ಎಂದರೆ ಮೆಮೊರಿಯಲ್ಲಿ ಹತ್ತಿರಹತ್ತಿರ 117 ಮೆಗಾಬೈಟ್. ಹಿನ್ನೆಲೆ, ಹೂವಿನ ಚೌಕಟ್ಟು, ನಾಲ್ಕು ಫೋಟೊ, ನೆರಳು, ಹೊಳಪು ಎಂದು ಇಪ್ಪತ್ತು ಲೇಯರ್ ಪೇರಿಸಿದರೆ ಹಾಳೆಯೊಂದಕ್ಕೆ ಎರಡು ಗಿಗಾಬೈಟ್ ದಾಟಬಹುದು. ಅದರ ಮೇಲೆ ಹಿಸ್ಟರಿ. ಡಿಸೈನರ್ ಒಬ್ಬ ಆರು ಹಾಳೆ ತೆರೆದಿಟ್ಟು, ಪಕ್ಕದಲ್ಲಿ ಲೈಟ್‌ರೂಮ್, ಹಿಂದೆ ಕ್ರೋಮ್ ಇಟ್ಟುಕೊಂಡಿದ್ದರೆ 16 ಜಿಬಿ ರ‍್ಯಾಮ್ ಯಾಕೆ ಉಸಿರುಗಟ್ಟುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ರ‍್ಯಾಮ್ ತುಂಬಿದಾಗ ಫೋಟೊಶಾಪ್ ಸ್ಕ್ರ್ಯಾಚ್ ಡಿಸ್ಕಿಗೆ ಇಳಿಯುತ್ತದೆ, ಆಗ ಮಾತ್ರ ವೇಗದ ಎಸ್‌ಎಸ್‌ಡಿಯ ಬೆಲೆ ಗೊತ್ತಾಗುವುದು. ಫೋಟೊಶಾಪಿನ ಎಷ್ಟೋ ಕೆಲಸ ಒಂದೆರಡು ಕೋರ್‌ಗಳಲ್ಲೇ ನಡೆಯುವುದರಿಂದ, ಇಪ್ಪತ್ತು ಕೋರ್‌ಗಿಂತ ಒಂದೊಂದು ಕೋರಿನ ವೇಗ ಮುಖ್ಯ. ಲೈಟ್‌ರೂಮಿನಿಂದ ಮೂರು ಸಾವಿರ ಫೋಟೊ ಎಕ್ಸ್‌ಪೋರ್ಟ್ ಮಾಡುವಾಗ ಇದು ತಿರುಗಿ ಬೀಳುತ್ತದೆ, ಆಗ ಕೋರ್ ಎಷ್ಟಿದ್ದರೂ ದುಡಿಯುತ್ತವೆ. 2023ರಲ್ಲಿ ಅಡೋಬಿ ತಂದ ಎಐ ಡಿನಾಯ್ಸ್ ಪೂರ್ತಿ ಗ್ರಾಫಿಕ್ಸ್ ಕಾರ್ಡಿನ ಕೆಲಸ: ಛತ್ರದ ಮಬ್ಬು ಬೆಳಕಿನ ಒಂದು ರಾ ಫೋಟೊಗೆ ಒಳ್ಳೆಯ ಕಾರ್ಡಿನಲ್ಲಿ ಕೆಲವು ಸೆಕೆಂಡ್, ಕಾರ್ಡಿಲ್ಲದ ಯಂತ್ರದಲ್ಲಿ ಹಲವು ನಿಮಿಷ.

ರ‍್ಯಾಮ್ ಬೆಲೆಯ ಮಾತು ಆಡದೆ ಮುಂದೆ ಹೋಗುವಂತಿಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿತು. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ‘64 ಹಾಕಿಸಿಬಿಡಿ’ ಎಂದು ಧಾರಾಳವಾಗಿ ಹೇಳುವ ಕಾಲ ಇದಲ್ಲ. 32 ಜಿಬಿಗೆ ನಿಲ್ಲಿಸಿ, ಆದರೆ 16ರ ಎರಡು ಸ್ಟಿಕ್ ತೆಗೆದುಕೊಳ್ಳಿ. ಒಂದೇ ಸ್ಟಿಕ್ ಹಾಕಿದರೆ ಡ್ಯುಯಲ್ ಚಾನೆಲ್ ತಪ್ಪಿ, ರ‍್ಯಾಮನ್ನೇ ಹಂಚಿಕೊಳ್ಳುವ ಒಳ ಗ್ರಾಫಿಕ್ಸ್ ಸೊರಗುತ್ತದೆ. ಆಮೇಲೆ ಇನ್ನೆರಡು ಸೇರಿಸುತ್ತೇನೆ ಎನ್ನುವವರು ಗಮನಿಸಬೇಕಾದದ್ದು: ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ವೇಗ ಸಾಕಷ್ಟು ಕೆಳಗಿಳಿಯುತ್ತದೆ.

ಡಿಸ್ಕಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಿಂಡೋಸಿಗೆ ಒಂದು, ನಡೆಯುತ್ತಿರುವ ಕೆಲಸಕ್ಕೆ ಇನ್ನೊಂದು ಎನ್‌ವಿಎಂಇ ಎಸ್‌ಎಸ್‌ಡಿ, ಎರಡೂ ಜೆನ್ ಫೋರ್ ಇದ್ದರೆ ಧಾರಾಳ. ಕ್ಯೂಎಲ್‌ಸಿ ಜಾತಿಯ ಅಗ್ಗದವು ನೂರಾರು ಗಿಗಾಬೈಟ್ ಒಟ್ಟಿಗೆ ಸುರಿದಾಗ ಹಾರ್ಡ್ ಡಿಸ್ಕಿನಷ್ಟೇ ನಿಧಾನವಾಗುತ್ತವೆ, ಮದುವೆ ಸೀಸನ್ನಿನಲ್ಲಿ ಸುರಿಯುವುದೇ ಕೆಲಸ.

ಕೊಟೇಶನ್ ಹಿಗ್ಗಿದಾಗ ಮೊದಲು ಕತ್ತರಿ ಬೀಳುವುದು ಮಾನಿಟರಿನ ಮೇಲೆ. ನನಗೆ ತೀರ ಸಿಟ್ಟು ಬರಿಸುವ ಉಳಿತಾಯ ಇದು. ‘ಆಲ್ಬಂ ಕಪ್ಪಾಗಿ ಬಂದಿದೆ’ ಎಂದು ಲ್ಯಾಬಿನವರೊಡನೆ ಜಗಳವಾಡುವ ಎಷ್ಟೋ ಸ್ಟುಡಿಯೋಗಳಲ್ಲಿ ಮಾನಿಟರ್ ಡಬ್ಬದಿಂದ ತೆಗೆದಂತೆಯೇ ಪೂರ್ತಿ ಬೆಳಕಿನಲ್ಲಿ, 300 ನಿಟ್ಸ್‌ನಲ್ಲಿ ಉರಿಯುತ್ತಿರುತ್ತದೆ. ಅಷ್ಟು ಬೆಳಕಿನಲ್ಲಿ ಸರಿ ಕಂಡ ಮುಖ ಕಾಗದದ ಮೇಲೆ ಕಪ್ಪಾಗದೆ ಇನ್ನೇನಾದೀತು? ಪ್ರಿಂಟಿಗೆ ಹೋಗುವ ಕೆಲಸಕ್ಕೆ 100ರಿಂದ 120 ನಿಟ್ಸ್ ಸಾಕು. ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿಯನ್ನು ಪೂರ್ತಿ ತೋರಿಸುವಂಥದ್ದು, ಜೊತೆಗೆ ಸ್ಪೈಡರ್ ಅಥವಾ ಕ್ಯಾಲಿಬ್ರೈಟ್‌ನಂಥ ಅಳತೆ ಸಾಧನ. ಅದನ್ನು ತಿಂಗಳಿಗೊಮ್ಮೆ ಬಳಸಿದರಾಯಿತು, ನಾಲ್ಕು ಸ್ಟುಡಿಯೋ ಸೇರಿ ಒಂದು ಕೊಂಡರೂ ನಡೆಯುತ್ತದೆ. ರೇಷ್ಮೆ ಸೀರೆಯ ರಾಣಿ ಬಣ್ಣ, ಕುಂಕುಮ ಬಣ್ಣ ಪರದೆಯಲ್ಲಿ ಒಂದಕ್ಕೊಂದು ಕಲಸಿಹೋದರೆ ವಧುವಿನ ಅತ್ತೆಮನೆ, ತವರುಮನೆ ಎರಡರಿಂದಲೂ ಫೋನ್ ಬರುತ್ತದೆ. ಆ ಫೋನನ್ನು ಯಾವ ಪ್ರೊಸೆಸರೂ ತಡೆಯಲಾರದು.

ಇಷ್ಟೆಲ್ಲ ಜೋಡಿಸುವ ಬದಲು ಮ್ಯಾಕ್ ಮಿನಿ ಕೊಂಡರಾಗದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2024ರಲ್ಲಿ ಎಂ4 ಚಿಪ್ಪಿನೊಂದಿಗೆ 16 ಜಿಬಿ ಮೆಮೊರಿಯದು 59,900 ರೂಪಾಯಿಗೆ ಇಲ್ಲಿ ಬಿಡುಗಡೆಯಾಯಿತು. ಎಚ್‌ಇವಿಸಿ 4:2:2ವನ್ನೂ ಪ್ರೋರೆಸ್ಸನ್ನೂ ನೀರು ಕುಡಿದಂತೆ ಬಿಚ್ಚುತ್ತದೆ, ವಿದ್ಯುತ್ತೂ ಕಡಿಮೆ. ವಿಡಿಯೋ ಮಾತ್ರ ಮಾಡುವ ಒಬ್ಬಂಟಿ ಎಡಿಟರಿಗೆ ನಾನೂ ಅದನ್ನೇ ಹೇಳುತ್ತೇನೆ. ಮೆಮೊರಿ ಮುಂದೆಂದೂ ಹೆಚ್ಚಿಸಲಾಗದು ಎಂಬುದು ಒಂದು ತೊಡಕು. ಎಡಿಯಸ್ ಅದರಲ್ಲಿ ಓಡುವುದಿಲ್ಲ ಎಂಬುದು ಇನ್ನೊಂದು. ಮೂರನೆಯದು ನಮ್ಮದೇ: ಆಲ್ಬಂ ಡಿಸೈನರುಗಳ ಬಳಿ ಇರುವ ಕನ್ನಡ ಶೀರ್ಷಿಕೆಗಳ ರಾಶಿ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿದೆ. ಅವು ವಿಂಡೋಸಿಗಾಗಿ ಹುಟ್ಟಿದ ತಂತ್ರಾಂಶಗಳು.

ಇನ್ನು ಕರೆಂಟು. ಪ್ರೊಸೆಸರ್ ಸುಮಾರು 150 ವಾಟ್, ಕಾರ್ಡ್ 180, ಮಾನಿಟರ್ 30, ಮಿಕ್ಕದ್ದೆಲ್ಲ 40. ರೆಂಡರ್ ನಡೆಯುವಾಗ ಯಂತ್ರ 400 ವಾಟ್ ಎಳೆಯುತ್ತದೆ. ಅಂಗಡಿಯಲ್ಲಿ ಸುಮ್ಮನೆ ಸೇರಿಸಿಕೊಡುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವಾಟ್. ಬ್ರೌಸಿಂಗ್ ಮಾಡುವಾಗ ಚೆನ್ನಾಗಿಯೇ ಇದ್ದು, ರೆಂಡರ್ ತೊಂಬತ್ತು ಪರ್ಸೆಂಟಿಗೆ ಬಂದಾಗ ಲೈನ್ ಹೋದರೆ ಅದೂ ಜೊತೆಗೇ ಹೋಗುತ್ತದೆ. 1000 ವಿಎ ದಾಟಿದ್ದನ್ನು ಕೊಳ್ಳಬೇಕು. ಮನೆಯ ಚೌಕ ತರಂಗದ ಇನ್ವರ್ಟರಿಗೆ ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಹಚ್ಚಬಾರದು. ಎಸ್‌ಎಂಪಿಎಸ್ 650 ವಾಟ್, 80 ಪ್ಲಸ್ ಗೋಲ್ಡ್ ಇದ್ದರೆ ಸಾಕು. ಸಾವಿರ ವಾಟ್ ಬೇಡ, ಹೆಸರಿಲ್ಲದ್ದಂತೂ ಬೇಡವೇ ಬೇಡ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಅದಕ್ಕೆ ಎಲೆಕ್ಟ್ರಿಶಿಯನ್ ಬೇಕು, ರಬ್ಬರ್ ಚಪ್ಪಲಿ ಪರಿಹಾರವಲ್ಲ.

ಎರಡು ಕ್ಯಾಮೆರಾ, ಒಂದೊಂದರಲ್ಲಿ ಆರು ಗಂಟೆ ಎಂದರೆ ಒಂದು ಮದುವೆಗೆ 540 ಗಿಗಾಬೈಟ್. ಇದು ಮತ್ತೆ ಶೂಟ್ ಮಾಡಲಾಗದ ಸರಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ. ಸ್ಟುಡಿಯೋದಲ್ಲಿ ಒಂದು ದೊಡ್ಡ ಹಾರ್ಡ್ ಡಿಸ್ಕ್, ಮನೆಯ ಬೀರುವಿನಲ್ಲಿ ಇನ್ನೊಂದು. ಆಲ್ಬಂ ಕೈಸೇರುವವರೆಗೆ ಕ್ಯಾಮೆರಾದ ಕಾರ್ಡನ್ನೂ ಅಳಿಸದಿದ್ದರೆ ಇನ್ನೂ ಒಳ್ಳೆಯದು. ಆದ್ದರಿಂದ ಬಜೆಟ್ ಬರೆಯುವಾಗ ಮೊದಲು ಮಾನಿಟರ್, ಯುಪಿಎಸ್, ಎರಡು ಹಾರ್ಡ್ ಡಿಸ್ಕಿನ ದುಡ್ಡನ್ನು ಪಕ್ಕಕ್ಕೆತ್ತಿಡಿ. ಉಳಿದದ್ದರಲ್ಲಿ ‘ಎಫ್’ ಇಲ್ಲದ ಪ್ರೊಸೆಸರ್, 32 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಕೊಳ್ಳಿ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲದೆ ಹೋದರೆ ಅದೊಂದನ್ನು ಮುಂದಿನ ಸೀಸನ್ನಿಗೆ ಬಿಡಬಹುದು. ರಿಸಾಲ್ವ್ ಬಳಸುವವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಬಿಲ್ ಇಲ್ಲದೆ ಶೇ 18ರ ಜಿಎಸ್‌ಟಿ ಉಳಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಪ್ರತಿ ಬಿಡಿಭಾಗದ ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಒಳ್ಳೆಯ ಎಸ್‌ಎಸ್‌ಡಿಗಳಿಗೆ ಐದು ವರ್ಷದ ವಾರಂಟಿ ಇರುತ್ತದೆ, ಅಷ್ಟರೊಳಗೆ ಅಂಗಡಿಯೇ ಜಾಗ ಬದಲಾಯಿಸಿರಬಹುದು. ಥರ್ಮಲ್ ಪೇಪರಿನ ಬಿಲ್ಲಾದರೆ ಅದೇ ದಿನ ಫೋಟೊ ತೆಗೆದಿಟ್ಟುಕೊಳ್ಳಿ, ಎರಡು ಬೇಸಿಗೆಯಲ್ಲಿ ಅಕ್ಷರ ಮಾಸಿಹೋಗುತ್ತದೆ.